ಭಾಮೈದನ ಬೈಕಿಗೊಂದು ಟ್ಯೂನರ್

ಪುಕ್ಕಲರನ್ನೇ ಹುಡುಕಿಕೊಂಡು ಹೆದರಿಕೆಯ ಸಂಗತಿಗಳು ಯಾಕೆ ಬರುತ್ತವೋ ಗೊತ್ತಿಲ್ಲ. ನನ್ನ ಹತ್ತಿರವಂತೂ ಅವು ಸರದಿ ನಿಂತು ಬರುತ್ತವೆ. ಕೊಪ್ಪದ ಪೇಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆ ಕಾಲದಲ್ಲಿ ಶೃಂಗೇರಿ, ನರಸಿಂಹರಾಜಪುರ ಅಂತ ತಿರುಗಾಟ. ಫೋಟೋ ನನ್ನದು, ವಿಡಿಯೋ ನನ್ನ ಹೆಂಡತಿಯ ತಮ್ಮನದು. ಬೈಕು ಅವನದು, ಹಿಂದಿನ ಸೀಟು ನನ್ನದು. ಇಲ್ಲಿ ಹೇಳುವುದೆಲ್ಲ ಆ ಹಿಂದಿನ ಸೀಟಿನಿಂದ ನಾನು ಕಂಡದ್ದು. ಕೆಲವು ಮಾತ್ರ ಕಣ್ಣು ಮುಚ್ಚಿಕೊಂಡಿದ್ದಾಗ ಆದದ್ದು.

೧. ಮೊದಲ ಆರತಿ

ಎರಡು ಸಾವಿರದ ಏಳೆಂಟರ ಸುಮಾರು. ಭಾಮೈದ ಇಂಜೆಕ್ಷನ್ ಬೈಕು ಕೊಂಡ. ಅದರಲ್ಲಿ ಕಾರ್ಬುರೇಟರ್ ಇಲ್ಲ, ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕೆಂದು ಒಳಗಿನ ಕಂಪ್ಯೂಟರೇ ಅಳೆದು ಕೊಡುತ್ತದೆ ಅಂತ ಅವನು ಊರಿಗೆಲ್ಲ ಹೇಳಿಕೊಂಡು ಬಂದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸದ್ದು ಗಂಭೀರವಾಗಿರಲಿ ಅಂತ ಶಿವಮೊಗ್ಗಕ್ಕೆ ಹೋಗಿ ದೊಡ್ಡ ಬಾಯಿಯ ಸೈಲೆನ್ಸರ್ ಹಾಕಿಸಿಕೊಂಡ. ಹಳೆಯದನ್ನು ಗುಜರಿಗೆ ಕೊಟ್ಟ. ಅಂದಿನಿಂದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸಾಕು, ಸೈಲೆನ್ಸರಿನಿಂದ 'ಢಂ' ಅಂತ ಗುಂಡು ಹಾರಿದ ಹಾಗೆ ಶಬ್ದ. ಪ್ರತಿಸಲವೂ ನಾನು ಅವನ ಸೊಂಟ ಹಿಡಿದುಕೊಳ್ಳುತ್ತಿದ್ದೆ. ಅವನಿಗೆ ಕಚಗುಳಿ ಆಗಿ ಬೈಕು ಇನ್ನಷ್ಟು ಓಲಾಡುತ್ತಿತ್ತು.

ಭಂಡಿಗಡಿ ಕಡೆ ಒಂದು ಮದುವೆ. ಮನೆಗೆ ಇಳಿಯುವ ದಾರಿ ಪೂರಾ ಇಳಿಜಾರು. ನಾವು ಢಂ, ಢಂ ಅನ್ನಿಸುತ್ತಾ ಇಳಿದೆವು. ಗಂಡಿನ ಕಡೆಯವರು ಪಟಾಕಿ ಹೊಡೆಸಿಕೊಂಡು ಬಂದರು ಅಂದುಕೊಂಡು ವಾಲಗದವರು ಶುರುವೇ ಮಾಡಿಬಿಟ್ಟರು. ನಾನು ಕೆಳಗಿಳಿಯುವಷ್ಟರಲ್ಲಿ ಒಬ್ಬರು ಅಜ್ಜಿ ಕಾಲಿಗೆ ನೀರು ಹೊಯ್ದರು, ಇನ್ನೊಬ್ಬರು ಆರತಿ ಎತ್ತಿದರು. ಫೋಟೋದವನು ಅಂತ ಹೇಳೋಣವೆಂದರೆ ಹೆದರಿಕೆಗೆ ಬಾಯಿಂದ ಮಾತು ಹೊರಡದು. ಹೆಣ್ಣಿನ ಅಪ್ಪ ಬಂದು ನನ್ನ ನರೆತ ತಲೆ ನೋಡಿ, ಪಕ್ಕದವರಿಗೆ ಮೆಲ್ಲಗೆ ಅಂದರು:

"ಫೋಟೋದಲ್ಲಿ ಇಷ್ಟು ವಯಸ್ಸು ಕಾಣ್ತಿರ್ಲಿಲ್ಲ ಮಾರಾಯ."

೨. ಊದುವುದು ಎಲ್ಲಿಗೆ?

ಕೆಲವು ದಿನ ಕಳೆದ ಮೇಲೆ ಬೈಕು ಏರಿನಲ್ಲೂ ಮುಗ್ಗರಿಸತೊಡಗಿತು. ನರಸಿಂಹರಾಜಪುರದಲ್ಲಿ ಹಳೆಯ ಮೆಕ್ಯಾನಿಕ್ ಒಬ್ಬರಿದ್ದರು, ಅವರಲ್ಲಿಗೆ ಹೋದೆವು. ಅವರು ಒಂದು ಸಲ ಎಂಜಿನ್ ಸದ್ದು ಕೇಳಿ, ಸೈಲೆನ್ಸರ್ ಬದಲಾದ ಮೇಲೆ ಗಾಳಿಗೆ ತಕ್ಕ ಪೆಟ್ರೋಲ್ ಹೋಗುತ್ತಿಲ್ಲ ಅಂದರು. ಹಾಗಾದರೆ ಸರಿ ಮಾಡಿಕೊಡಿ ಅಂದದ್ದಕ್ಕೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಕಾರ್ಬುರೇಟರ್ ಆಗಿದ್ರೆ ಬಿಚ್ಚಿ ಬಾಯಲ್ಲಿ ಊದಿ ಕೊಡ್ತಿದ್ದೆ. ಇದರಲ್ಲಿ ಊದೋದು ಎಲ್ಲಿಗೆ?"

ಇದಕ್ಕೆ ಟ್ಯೂನರ್ ಅಂತ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ, ಸೀಟಿನ ಕೆಳಗೆ ಜೋಡಿಸಿದರೆ ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು, ಯಾವುದು ಒಳ್ಳೆಯದು ಅಂತ ಮಾತ್ರ ನನ್ನನ್ನು ಕೇಳಬೇಡಿ ಅಂದರು. ತಾವು ಮುಟ್ಟಿ ಅದು ಸುಟ್ಟುಹೋದರೆ ಅನ್ನುವ ಭಯ ಅವರಿಗೆ. ನನಗಿಂತ ಪುಕ್ಕಲರೊಬ್ಬರು ಸಿಕ್ಕಿದರಲ್ಲ ಅಂತ ನನಗೆ ಸಮಾಧಾನವೇ ಆಯಿತು. ಹೊರಡುವಾಗ ಭಾಮೈದ ಸ್ಟಾರ್ಟ್ ಮಾಡಹೋದರೆ ಓಡಿ ಬಂದು ತಡೆದರು.

"ಇಲ್ಲಿ ಬೇಡ. ರಸ್ತೆ ಆಚೆ ಇನ್ನೊಬ್ಬನ ಗ್ಯಾರೇಜಿದೆ. ಅವನ ಎದುರಿಗೆ ಹೋಗಿ ಸ್ಟಾರ್ಟ್ ಮಾಡಿ."

೩. ನನ್ನ ಒಪ್ಪಿಗೆ

ಭಾಮೈದ ನಾಲ್ಕು ಕಡೆ ವಿಚಾರಿಸಿದಾಗ ಟ್ಯೂನರಿನಲ್ಲಿ ಎರಡು ಜಾತಿ ಅಂತ ತಿಳಿಯಿತು. ಒಂದಕ್ಕೆ ಲ್ಯಾಪ್‌ಟಾಪ್ ಸಿಕ್ಕಿಸಿ ಲೆಕ್ಕ ತುಂಬಿಸಬೇಕು. ಇನ್ನೊಂದರಲ್ಲಿ ಗುಂಡಿಗಳಿವೆ, ಒತ್ತಿದರೆ ಹಸಿರು, ಹಳದಿ, ಕೆಂಪು ದೀಪ ಹತ್ತುತ್ತವೆ, ನೋಡಿಕೊಂಡು ಹೊಂದಿಸಬಹುದು. ನಮ್ಮಲ್ಲಿದ್ದದ್ದು ಸ್ಟುಡಿಯೋದ ದೊಡ್ಡ ಕಂಪ್ಯೂಟರ್, ಅದೂ ಮಹಡಿಯ ಮೇಲೆ. ಬೈಕು ಮೆಟ್ಟಿಲು ಹತ್ತದು, ಕಂಪ್ಯೂಟರ್ ಕೆಳಗಿಳಿಯದು. ನನಗೋ ಎರಡೂ ಬೇಡ. ಹಳೆಯ ಸೈಲೆನ್ಸರಿನಂಥದ್ದೇ ಇನ್ನೊಂದು ತಂದು ಹಾಕು ಅನ್ನುವುದು ನನ್ನ ಹಟ. ಇದೇ ಚರ್ಚೆ ಮಾಡುತ್ತಾ ಶೃಂಗೇರಿಗೆ ಹೊರಟೆವು.

ಒಂದು ಏರಿನ ತಿರುವಿನಲ್ಲಿ ಬೈಕು ಗಕ್ಕೆಂದು ಉಸಿರು ಹಿಡಿಯಿತು. ಹಿಂದೆ ಬಸ್ಸಿನ ಹಾರನ್ನು. ಇನ್ನು ಉಳಿಗಾಲವಿಲ್ಲ ಅಂತ ನಾನು ಕ್ಯಾಮೆರಾ ಬ್ಯಾಗನ್ನು ಎದೆಗವಚಿಕೊಂಡು ಪಕ್ಕದ ಚರಂಡಿಗೆ ಹಾರಿದೆ. ಭಾರ ಇಳಿದದ್ದೇ ತಡ, ಬೈಕು ಚಂಗನೆ ಮುಂದೆ ಹೋಯಿತು. ಭಾಮೈದ ಹಿಂತಿರುಗಿ ನೋಡಲೇ ಇಲ್ಲ. ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಅದೇ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ ಶೃಂಗೇರಿಯಲ್ಲಿ ಇಳಿದರೆ, ನಾನು ಈಗಷ್ಟೇ ಬೈಕಿನಿಂದ ಇಳಿದು ಎಲ್ಲಿಗೆ ಹೋದೆನೆಂದು ಅವನು ಸ್ಟ್ಯಾಂಡಿನ ಎದುರು ಹುಡುಕುತ್ತಿದ್ದ. ನಾನು ಬಯ್ಯಲು ಬಾಯಿ ತೆಗೆಯುವ ಮೊದಲೇ ಹೇಳಿದ:

"ದೀಪದ ಟ್ಯೂನರೇ ಕಳಿಸಿ ಅಂತ ಅಂಗಡಿಗೆ ಫೋನ್ ಮಾಡಿ ಹೇಳಿಬಿಟ್ಟೆ ಭಾವ. ದಾರಿಯಲ್ಲಿ ಅಷ್ಟು ಸಲ ಕೇಳಿದೆ, ನೀವು ಒಂದು ಸಲವೂ ಬೇಡ ಅನ್ನಲಿಲ್ಲ."

೪. ನೆಮ್ಮಾರಿನ ದಾರಿ

ಪೆಟ್ಟಿಗೆ ಬಂತು. ಸೀಟಿನ ಕೆಳಗೆ ಕೂತಿತು. ಭಾಮೈದ ಗುಂಡಿ ಒತ್ತಿ ಒತ್ತಿ ಕೊನೆಗೂ ಹದಕ್ಕೆ ತಂದ. ಶಬ್ದ ನಿಂತಿತು, ಏರಿನಲ್ಲಿ ಮುಗ್ಗರಿಸುವುದೂ ನಿಂತಿತು. ನಾನು ಧೈರ್ಯವಾಗಿ ಕಣ್ಣು ಬಿಟ್ಟುಕೊಂಡು ನೆಮ್ಮಾರ್ ಕಡೆಯ ಮದುವೆಗೆ ಹೊರಟೆ.

ಆಗ ನಮ್ಮ ಕಡೆಯ ಕಾಡಿನಲ್ಲಿ ನಕ್ಸಲರ ಓಡಾಟ ಅಂತ ಎಲ್ಲರಿಗೂ ದಿಗಿಲು. ದಾರಿಯಲ್ಲಿ ಪೊಲೀಸರು ತಡೆದರು. ನಾಲ್ಕೈದು ಜನ, ಅವರ ಮುಖದಲ್ಲೂ ನಿದ್ದೆಯಿಲ್ಲದ ಭಯ. ಬ್ಯಾಗಿನಲ್ಲಿ ಬ್ಯಾಟರಿ, ವೈರು, ಫ್ಲ್ಯಾಶು. ಅದನ್ನೆಲ್ಲ ನೋಡಿದ ಸಾಹೇಬರು ಸೀಟು ಎತ್ತಿಸಿದರು. ಕೀ ಆನ್ ಇತ್ತು. ಕಪ್ಪು ಪೆಟ್ಟಿಗೆ, ಸುತ್ತ ವೈರು, ಮೇಲೆ ಕೆಂಪು ದೀಪ ಮಿಣುಕುತ್ತಿದೆ.

ಇದೆಂಥದ್ದು ಅಂತ ಕೇಳಿದರು. ಊರಿಗೆಲ್ಲ ಪಾಠ ಹೇಳುತ್ತಿದ್ದ ಭಾಮೈದ ನನ್ನ ಬೆನ್ನ ಹಿಂದೆ ಸರಿದ. ನಾನೇ ಟ್ಯೂನರ್ ಅಂದೆ. ನನ್ನ ಸ್ವರ ನಡುಗಿದ್ದು ಕೇಳಿ ಸಾಹೇಬರಿಗೆ ಸಂಶಯ ಗಟ್ಟಿಯಾಯಿತು. ಎಲ್ಲರನ್ನೂ ದೂರ ಸರಿಸಿ, ಮಣ್ಣಿನ ದಿಬ್ಬದ ಹಿಂದೆ ಬೋರಲು ಮಲಗಿಸಿ ತಾವೂ ಮಲಗಿದರು. ಪೊಲೀಸರೇ ಹೀಗೆ ಮಲಗಿದ್ದು ನೋಡಿ ನನಗೂ ಅನುಮಾನ ಬಂತು. ಭಾಮೈದನ ಕಿವಿಯಲ್ಲಿ, ಅದು ನಿಜವಾಗಲೂ ಟ್ಯೂನರ್ ಹೌದೋ ಅಂತ ಕೇಳಿದೆ.

"ಪೆಟ್ಟಿಗೆ ಮೇಲೆ ಹಾಗಂತ ಬರೆದಿತ್ತು ಭಾವ," ಅಂದ.

ಆಗಲೇ ನನ್ನ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. ಆ ಕಾಡಿನಲ್ಲಿ ಎಂದೂ ಸಿಗದ ನೆಟ್‌ವರ್ಕ್ ಅವತ್ತು ಸಿಕ್ಕಿತ್ತು. ಎಲ್ಲರೂ ಮಣ್ಣಿಗೆ ಮುಖ ಒತ್ತಿದರು. ಸಾಹೇಬರು ತಲೆ ಎತ್ತದೆ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ ಮಾತಾಡು ಅಂದರು. ಹೆಣ್ಣಿನ ಅಪ್ಪನ ಕರೆ. ಧಾರೆಗೆ ಹೊತ್ತಾಯಿತು, ಎಲ್ಲಿ ಸತ್ತಿದ್ದೀರಿ ಅಂತ ಗದರಿದರು. ಇನ್ನೂ ಸತ್ತಿಲ್ಲ ಅಂತ ನಾನು ಪಿಸುಗುಟ್ಟಿದೆ. ಸಾಹೇಬರು ಫೋನು ಕಸಿದುಕೊಂಡು, ನಾವು ಪೊಲೀಸಿನವರು, ಇವರಿಬ್ಬರ ಮೇಲೆ ಸಂಶಯ ಇದೆ, ವಿಚಾರಣೆಗೆ ಹಿಡಿದಿದ್ದೇವೆ ಅಂದರು.

ಹೆಣ್ಣಿನ ಅಪ್ಪ ಸಮಾಧಾನದಿಂದ ಹೇಳಿದರು:

"ಹಾಗಾದ್ರೆ ಒಂದು ಕೆಲಸ ಮಾಡಿ ಸ್ವಾಮಿ. ವಿಡಿಯೋದವನನ್ನು ಇಟ್ಟುಕೊಳ್ಳಿ, ಫೋಟೋದವನನ್ನು ಕಳಿಸಿಕೊಡಿ."

ದಿಬ್ಬದ ಹಿಂದೆ ಮಲಗಿದ್ದವರೆಲ್ಲ ನಗಲು ಶುರು ಮಾಡಿದರು. ಸಾಹೇಬರೂ ಎದ್ದು, ಬಟ್ಟೆಯ ಮಣ್ಣು ಕೊಡವಿ, ಬೈಕು ಸ್ಟಾರ್ಟ್ ಮಾಡಿಸಿ ನೋಡಿದರು. ಅದು ಸಾಧು ಹಸುವಿನಂತೆ ನಿಂತಿತು. ಬೇಗ ಹೋಗಿ ಅಂತ ಇಬ್ಬರನ್ನೂ ಕಳಿಸಿದರು.

ಭಾಮೈದ ತಿರುವುಗಳಲ್ಲೂ ಹಾರನ್ ಹೊಡೆಯಲು ಮರೆಯುತ್ತಿದ್ದ, ಪಾಪ, ನನಗಿಂತ ಹೆಚ್ಚು ಹೆದರಿದ್ದಾನೆ ಅಂದುಕೊಂಡೆ. ಮದುವೆಮನೆಯ ಚಪ್ಪರ ಕಾಣುವಾಗ ಬೈಕು ನಿಧಾನ ಮಾಡಿ, ತಗ್ಗಿದ ಸ್ವರದಲ್ಲಿ ಕೇಳಿದ:

"ಭಾವ, ನನ್ನ ವಿಡಿಯೋ ಅಷ್ಟು ಕೆಟ್ಟದಾಗಿ ಬರ್ತದಾ?"