ನಮ್ಮತ್ತೆ ಮತ್ತು ಬೀದಿಯ ಸ್ವಿಚ್ಚುಗಳು

ನಮ್ಮ ಸೋದರತ್ತೆ ಕಾಲಿಟ್ಟ ಮನೆ ಬೆಳಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ! ಅವರು ಕಾಲಿಟ್ಟ ಕೂಡಲೇ ಆ ಮನೆಯಲ್ಲಿ ಮೊದಲು ಆರುವುದೇ ದೀಪ. ಹೊಸ್ತಿಲು ದಾಟಿದವರು ಸಾಮಾನ್ಯವಾಗಿ ಕುರ್ಚಿ ಹುಡುಕುತ್ತಾರೆ. ಅತ್ತೆ ಸ್ವಿಚ್ ಬೋರ್ಡು ಹುಡುಕುತ್ತಾರೆ. "ಅಗಲೊತ್ನಲ್ಲಿ ಯಾಕವ್ವ ಲೈಟು? ಸೂರ್ಯಪ್ಪ ಏನ್ ರಜಾ ಆಕವ್ನಾ?" ಎನ್ನುವಷ್ಟರಲ್ಲಿ ಟಕ್!

ಒಮ್ಮೆ ನನ್ನ ತಂಗಿಯನ್ನು ನೋಡಲು ಚನ್ನರಾಯಪಟ್ಟಣದ ಗಂಡಿನ ಕಡೆಯವರು ಹಾಸನದ ನಮ್ಮ ಮನೆಗೆ ಬಂದಿದ್ದರು. ಸುಡು ಬೇಸಗೆ. ಅವರ ಕೈಗೆ ಉಪ್ಪಿಟ್ಟಿನ ತಟ್ಟೆ ಬಂದದ್ದೇ ತಡ, ತಲೆಯ ಮೇಲಿನ ಫ್ಯಾನು ನಿಂತಿತು. "ಬನ್ನಿ, ಆಚೆ ಹೊಂಗೆ ಮರದ್ ಕೆಳಗೆ ಕೂತ್ಕಳಾನ. ದೇವ್ರು ಪುಗಸಟ್ಟೆ ಗಾಳಿ ಕೊಡ್ತಾ ಅವ್ನೆ" ಎಂದು ಅತ್ತೆ ತಟ್ಟೆ ಸಮೇತ ಎಲ್ಲರನ್ನೂ ಎಬ್ಬಿಸಿಬಿಟ್ಟರು! ನಮ್ಮಪ್ಪನ ಮುಖ ನೋಡಬೇಕಿತ್ತು! ಹೆಣ್ಣು ನೋಡುವ ಶಾಸ್ತ್ರ ರಸ್ತೆಯಲ್ಲಿ ಹೋಗುವವರೆಲ್ಲ ನೋಡುವ ಶಾಸ್ತ್ರವಾಯಿತು. ಕೊನೆಗೆ ಗಂಡಿನ ತಂದೆ ಅಪ್ಪನನ್ನು ಪಕ್ಕಕ್ಕೆ ಕರೆದು, "ಹುಡ್ಗಿ ಒಪ್ಪಿಗೆ ಸಾ. ಆದ್ರೆ ಈಯಮ್ಮಾರೂ ಜೊತೇಲೇ ಬತ್ತಾರಾ?" ಎಂದು ಕೇಳಿದರು. ಇಲ್ಲವೆಂದು ಖಾತ್ರಿಯಾದ ಮೇಲೆಯೇ ತಾಂಬೂಲ ಬದಲಾಯಿತು!

ಅತ್ತೆಯ ಸ್ವಂತ ರಾಜ್ಯವಿರುವುದು ಹೊಳೆನರಸೀಪುರದ ಅವರ ಬೀದಿಯಲ್ಲಿ. "ಒಂದ್ ಮನೇಲ್ ಉಳುಸುದ್ರೆ ಏನಾದದ್ಲಾ? ಬೀದಿಗ್ ಬೀದಿನೇ ಉಳುಸ್ಬೇಕು ಕಣ್ಲಾ!" ಎಂಬುದು ಅವರ ಘೋಷಣೆ. ಮೊದಲ ಬಾಣ ಬಿದ್ದದ್ದು ಧಾರಾವಾಹಿಗಳ ಮೇಲೆ. "ಅದೇ ಸೊಸೆ ಎಲ್ರ ಮನೇಲೂ ಅಳ್ಬೇಕಾ? ಒಂದ್ ಮನೇಲ್ ಅತ್ರೆ ಸಾಲ್ದಾ?"

ಸರಿ, ದಿನಕ್ಕೊಂದು ಮನೆಯಲ್ಲಿ ಒಂದೇ ಟೀವಿ, ಒಂದೇ ಫ್ಯಾನು, ಅದರ ಕೆಳಗೆ ಇಡೀ ಬೀದಿಯ ಹೆಂಗಸರು. ಮಾತು ಬಿಟ್ಟವರು ಪಕ್ಕಪಕ್ಕ ಕುಳಿತು ಅತ್ತರು. ಜಾಹೀರಾತು ಬಂದಾಗ ಹಳೆಯ ಜಗಳ ಮುಂದುವರಿಸಿದರು. ಗಂಡಸರೂ ಕಡಲೆಕಾಯಿ ಹಿಡಿದು ಬರತೊಡಗಿದ ಮೇಲಂತೂ ಬೀದಿಗೆ ಬೀದಿಯೇ ಗೆಲುವಾಯಿತು!

ಒಪ್ಪದವರು ಒಬ್ಬರೇ, ಎದುರುಮನೆಯ ನಿವೃತ್ತ ಮೇಷ್ಟ್ರು. ಅವರ ಗೇಟಿನ ದೀಪ ಸಂಜೆಗೆ ಮುಂಚೆಯೇ ಹತ್ತುತ್ತಿತ್ತು. ಅತ್ತೆ ಹೋಗಿ ಆರಿಸುವುದು, ಮೇಷ್ಟ್ರು ಬಂದು ಹಾಕುವುದು.

"ನಮ್ಮನೆ ಕರೆಂಟು, ನಮ್ಮಿಷ್ಟ! ನಿಮಗೇನಮ್ಮ ಸಂಕಟ?"

"ನಿಮ್ಮನೆ ಕರೆಂಟು ನಿಮ್ಮನೇಲೇ ಉಟ್ಟತದಾ ಮೇಷ್ಟ್ರೇ? ಬೀದಿಗೆಲ್ಲಾ ಇರಾದು ಒಂದೇ ಟ್ರಾನ್ಸ್‌ಫಾರಮ್ಮು!"

ಅಂದಿನಿಂದ ಎರಡು ಮನೆಗೂ ಮಾತಿಲ್ಲ.

ಕಳೆದ ಬೇಸಗೆಯಲ್ಲಿ ಮೇಷ್ಟ್ರ ಹೆಂಡತಿಗೆ ಶ್ವಾಸಕೋಶದ ತೊಂದರೆಯಾಯಿತು. ಹಾಸನದ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಜೊತೆಗೆ ಕರೆಂಟಿನಲ್ಲಿ ನಡೆಯುವ ಆಕ್ಸಿಜನ್ ಮಿಷನ್ನೂ ಬಂತು. ನಾನು ಅತ್ತೆಯ ಮನೆಗೆ ಹೋಗಿದ್ದ ದಿನ ಧಾರಾವಾಹಿಯ ಸರದಿ ಅವರದೇ. ಖಳನಾಯಕಿ ಇನ್ನೇನು ನಿಜ ಬಾಯಿಬಿಡಬೇಕು, ಅಷ್ಟರಲ್ಲಿ ವೋಲ್ಟೇಜು ಕುಸಿಯಿತು. ಎದುರುಮನೆಯಿಂದ ಮಿಷನ್ನು ಕೀ ಕೀ ಎಂದು ಕೂಗತೊಡಗಿತು. ಮೇಷ್ಟ್ರು ತಮ್ಮ ಬಾಗಿಲಿಗೆ ಬಂದು ನಿಂತರು. ಅತ್ತೆಯ ಕಡೆಗೇ ನೋಡಿದರು.

ಅತ್ತೆ ಟೀವಿ ಆರಿಸಿ ಕೂಗಿದರು: "ಏಳ್ರವ್ವಾ! ಮೇಷ್ಟ್ರ ಮನೆ ಮಿಷನ್ಗೆ ಕರೆಂಟ್ ಸಾಲ್ತಾ ಇಲ್ಲ. ಓಗಿ, ಮೋಟ್ರು, ಗೀಜರು, ಫ್ರಿಜ್ಜು, ಎಲ್ಲಾ ಆರ್ಸಿ! ಲೇ, ನೀನ್ ಮಿಲ್ ತಾವ್ಕ್ ಓಡ್ಲಾ!"

ನಾನು ಓಡಿದೆ. ಬೀದಿಯ ಕೊನೆಯ ರಾಗಿ ಮಿಲ್ಲಿನವನು ಕಾರಣ ಕೇಳಿದವನೇ ಅರ್ಧ ಬೀಸಿದ ರಾಗಿಯನ್ನು ಹಾಗೆಯೇ ಬಿಟ್ಟು ಮೋಟಾರು ನಿಲ್ಲಿಸಿದ. ಹಿಂತಿರುಗಿ ನೋಡುತ್ತೇನೆ, ಬೀದಿಯ ಮನೆಗಳು ಒಂದೊಂದಾಗಿ ಕತ್ತಲಾಗುತ್ತಿವೆ! ಸ್ವಲ್ಪ ಹೊತ್ತಿಗೆ ಮಿಷನ್ನಿನ ಕೂಗು ನಿಂತು, ಗುಂಯ್ ಎಂಬ ಸದ್ದು ಸಮನಾಗಿ ಕೇಳಿಸಿತು. ಜನ ಜಗಲಿಗಳ ಮೇಲೆ ಬಂದು ಕುಳಿತಿದ್ದರು. ಎಲ್ಲರ ಕಿವಿಯೂ ಆ ಸದ್ದಿನ ಕಡೆಗೇ.

ಮೇಷ್ಟ್ರು ಕೈಮುಗಿದು ಬಂದರು. ಅತ್ತೆ, "ಕೈ ಇಳ್ಸಿ ಮೇಷ್ಟ್ರೇ. ಒಳೀಕ್ ಓಗಿ, ಅಕ್ಕನ್ ಪಕ್ಕ ಕೂತ್ಕಳಿ. ನಾವೆಲ್ಲಾ ಇಲ್ಲೇ ಇರ್ತೀವಿ" ಎಂದರು.

ಆ ಬೇಸಗೆ ಮುಗಿಯುವವರೆಗೂ ಸಂಜೆಯಾದರೆ ಮಿಲ್ಲು ಬಂದ್, ಬೀದಿಯಲ್ಲಿ ಒಂದು ಮೋಟಾರೂ ಓಡಲಿಲ್ಲ. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಮೇಷ್ಟ್ರ ಹೆಂಡತಿಗೆ ಮಿಷನ್ನಿನ ಹಂಗು ತಪ್ಪಿತು.

ಅವರು ಮೊದಲ ಸಲ ಒಬ್ಬರೇ ರಸ್ತೆ ದಾಟಿ ಬಂದು ಅತ್ತೆಯ ಜಗಲಿಯ ಮೇಲೆ ಕುಳಿತ ದಿನ, ಸದಾ ವಟಗುಟ್ಟುವ ನಮ್ಮತ್ತೆ ಸೀದಾ ಎದ್ದು ಮನೆಯೊಳಗೆ ಹೋದರು. ಒಳಗಿನಿಂದ ಬಾಚಣಿಗೆ, ಕೊಬ್ಬರಿ ಎಣ್ಣೆ ತಂದು ಅವರ ಹಿಂದೆ ಕುಳಿತರು. ಮಲಗಿ ಮಲಗಿ ಸಿಕ್ಕುಗಟ್ಟಿದ್ದ ಆ ಬಿಳಿಗೂದಲನ್ನು, ಒಂದೆಳೆಯೂ ನೋಯದಂತೆ, ಬಹಳ ಹೊತ್ತು ಬಿಡಿಸುತ್ತಲೇ ಇದ್ದರು.