ಪ್ರತಿಭಾಳ ಆಂಪ್ಲಿಫೈಯರೂ ನನ್ನ ಪ್ಲೈವುಡ್ಡೂ

ಇಪ್ಪತ್ತಾರು ವರ್ಷಗಳ ದಾಂಪತ್ಯದಲ್ಲಿ ನನ್ನ ಹೆಂಡತಿ ಪ್ರತಿಭಾ ನನ್ನ ಯಾವ ಮಾತಿಗೂ "ಹೌದಾ? ಆಮೇಲೆ?" ಎಂದು ಕೇಳಿದವಳಲ್ಲ. ನಾನು ವೇಣುಗೋಪಾಲ್, ಶ್ರೀರಾಂಪುರದಲ್ಲಿ ಪ್ಲೈವುಡ್ ಅಂಗಡಿ ಇಟ್ಟಿರುವವನು. ಗೆದ್ದಲು ಹಿಡಿಯದ ಪ್ಲೈವುಡ್ಡಿಗೂ ನೀರು ಕುಡಿಯದ ಪ್ಲೈವುಡ್ಡಿಗೂ ಇರುವ ವ್ಯತ್ಯಾಸವನ್ನು ರಸವತ್ತಾಗಿ ವಿವರಿಸಬಲ್ಲೆ. ಆದರೆ ವಿವರಿಸಲು ಹೊರಟಾಗಲೆಲ್ಲ ಅವಳಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ. (ಹಾಲು ಫ್ರಿಜ್ಜಿನಲ್ಲಿರುತ್ತದೆ.) ಅಂಥವಳು, ಚಾಮರಾಜಪೇಟೆಯ ಹರಿಕೃಷ್ಣನೆಂಬ ರೇಡಿಯೋ ರಿಪೇರಿಯವನು ವಾಲ್ವ್ ಎಂಬ ಗಾಜಿನ ಬುರುಡೆಯೊಂದನ್ನು ಎತ್ತಿ ಹಿಡಿದು "ಇದು ಬಿಸಿ ಆಗೋಕೇ ಅರ್ಧ ನಿಮಿಷ ಬೇಕು ಪ್ರತಿಭಾ ಮೇಡಂ" ಎಂದಾಗ, ಗಲ್ಲಕ್ಕೆ ಕೈ ಕೊಟ್ಟು ಕೂತು "ಹೌದಾ? ಆಮೇಲೆ?" ಎಂದಳು. ನಾನು ಪೇಪರಿನ ಹಿಂದೆ ಕೂತು ಶ್ರದ್ಧಾಂಜಲಿಯ ಪುಟವನ್ನು ನಾಲ್ಕು ಸಲ ಓದಿದೆ. ಸತ್ತವರ ಹೆಸರೆಲ್ಲ ಬಾಯಿಪಾಠವಾಯಿತು.

ಇದಕ್ಕೆಲ್ಲ ಕಾರಣ ಪೆಡಲ್ ಸ್ಟೀಲ್ ಗಿಟಾರ್ ಎಂಬ ವಾದ್ಯ. ಗಿಟಾರ್ ಎಂದ ಕೂಡಲೇ ತೊಡೆಯ ಮೇಲೆ ಇಟ್ಟುಕೊಳ್ಳುವುದನ್ನು ಊಹಿಸಬೇಡಿ. ನಾಲ್ಕು ಕಾಲಿನ ಮೇಲೆ ಅಡ್ಡ ಮಲಗಿದ ಹಲಗೆ, ಅದರ ಮೇಲೆ ಹತ್ತು ತಂತಿ, ಕೆಳಗೆ ಹೊಲಿಗೆ ಯಂತ್ರಕ್ಕಿರುವಂಥ ಪೆಡಲುಗಳು. ಎಡಗೈಯಲ್ಲಿ ಉಕ್ಕಿನ ಸರಳನ್ನು ತಂತಿಯ ಮೇಲೆ ಜಾರಿಸಬೇಕು, ಬಲಗೈಯಲ್ಲಿ ಮೀಟಬೇಕು, ಪಾದದಲ್ಲಿ ತುಳಿಯಬೇಕು, ಮಂಡಿಯಿಂದ ಸನ್ನೆಕೋಲುಗಳನ್ನು ತಳ್ಳಬೇಕು. ಮೈಯಲ್ಲಿ ಬಿಡುವಾಗಿ ಉಳಿಯುವುದು ಬಾಯಿ ಒಂದೇ. ಅದು ನನ್ನ ಮೇಲೆ ಪ್ರಯೋಗವಾಗುತ್ತದೆ.

ಪ್ರತಿಭಾ ಹುಡುಗಿಯಾಗಿದ್ದಾಗ ಮಲ್ಲೇಶ್ವರದ ರಾಮಾನುಜ ಮೇಷ್ಟ್ರ ಹತ್ತಿರ ಹವಾಯಿಯನ್ ಗಿಟಾರ್ ಕಲಿತಿದ್ದಳು. ಮದುವೆಯಾದ ಮೇಲೆ ನಿಲ್ಲಿಸಿದಳು. ಯಾಕೆ ನಿಲ್ಲಿಸಿದೆ ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಎರಡು ವರ್ಷದ ಹಿಂದೆ ಮೇಷ್ಟ್ರು ತರಗತಿ ಮುಚ್ಚಿ ಮೈಸೂರಿಗೆ ಹೊರಟಾಗ, ಕರೆದು ಈ ವಾದ್ಯವನ್ನು ಅವಳಿಗೆ ಕೊಟ್ಟರು. ಅಂದಿನಿಂದ ದಿನಾ ಎರಡು ಗಂಟೆ ಸಾಧನೆ. ಈಗ ಬಸವನಗುಡಿಯ ಮಹಿಳಾ ಸಂಘವೊಂದು ರಾಜ್ಯೋತ್ಸವಕ್ಕೆ ಅವಳನ್ನು ನುಡಿಸಲು ಕರೆದಿತ್ತು. ಆದರೆ ಆಂಪ್ಲಿಫೈಯರ್ ಇಲ್ಲದಿದ್ದರೆ ಈ ವಾದ್ಯದ ಸದ್ದು ಸೊಳ್ಳೆಯಷ್ಟೇ. ಮೇಷ್ಟ್ರು ಫೋನಿನಲ್ಲಿ, "ವಾಲ್ವ್ ಇರೋದೇ ತಗೋಮ್ಮ. ಹಳೇ ವಾಲ್ವ್ ರೇಡಿಯೋದಲ್ಲಿ ಬರ್ತಿತ್ತಲ್ಲ, ಆ ಬೆಚ್ಚಗಿನ ದನಿ ಬರ್ಬೇಕು. ನಮ್ಮ ಹರಿಕೃಷ್ಣನ್ನ ಕೇಳು, ಆರಿಸ್ಕೊಡ್ತಾನೆ" ಎಂದರು.

ಹೀಗೆ ಬಂದ, ಹರಿಕೃಷ್ಣ. ನನ್ನದೇ ವಯಸ್ಸು, ಐವತ್ತೆರಡು. ಆದರೆ ತಲೆತುಂಬ ಕೂದಲು. (ಇದು ಅನಗತ್ಯ ವಿವರವೆಂದು ನಿಮಗನ್ನಿಸಿದರೆ ನಿಮ್ಮ ತಲೆಯಲ್ಲೂ ಇರಬೇಕು.) ಮೂರು ಭಾನುವಾರ ಮೂರು ಆಂಪ್ಲಿಫೈಯರುಗಳನ್ನು ಆಟೋದವನ ಕೈಯಲ್ಲಿ ಹೊರಿಸಿಕೊಂಡು ವೈಯಾಲಿಕಾವಲಿನ ನಮ್ಮ ಎರಡನೇ ಮಹಡಿಗೆ ಬಂದ. ಅವಳು ನುಡಿಸುವಾಗ ಕಣ್ಣು ಮುಚ್ಚಿ ಕೇಳುತ್ತಿದ್ದ.

"ಸ್ಟೀಲ್ ಗಿಟಾರ್‌ಗೆ ಎಷ್ಟು ಶಕ್ತಿ ಇದ್ರೂ ಕೂಗಾಡದೇ ಇರೋ ಆಂಪ್ಲಿಫೈಯರ್ ಬೇಕು ಮೇಡಂ. ಚಿಕ್ಕದು ತಗೊಂಡ್ರೆ ಒಂಚೂರು ಒತ್ತಡ ಬಿದ್ರೂ ಕಿರುಚತ್ತೆ."

"ಗೊತ್ತು. ಅಂಥದ್ದೊಂದು ಮನೇಲೇ ಇದೆ" ಎಂದಳು ಪ್ರತಿಭಾ.

ಇಬ್ಬರೂ ನಕ್ಕರು. ಅವಳು ನನ್ನ ಕಡೆ ತಿರುಗಿ "ಹೇಗಿತ್ತು ರೀ?" ಎಂದಳು. ನಾನು ಪೇಪರ್ ಇಳಿಸದೆ "ಚೆನ್ನಾಗಿದೆ" ಎಂದೆ. ಹರಿಕೃಷ್ಣ ಮಾತ್ರ, "ಎರಡನೇ ಸಲ ಸರಳು ಎಳೆಯೋವಾಗ ಉಸಿರು ಹಿಡಿದ್ಬಿಟ್ರಿ ಮೇಡಂ, ಅದಕ್ಕೇ ಸ್ವರ ಒಂಚೂರು ನಡುಗ್ತು" ಎಂದ. ಅವಳ ಉಸಿರಿನ ಲೆಕ್ಕವನ್ನೂ ಇವನೇ ಇಡಬೇಕೇ? ನನ್ನ ಹೊಟ್ಟೆಯೊಳಗೆ ಒಂದು ವಾಲ್ವ್ ಅರ್ಧ ನಿಮಿಷ ಕಾಯದೆ ಬಿಸಿಯಾಯಿತು.

ಅವನು ಹೋದ ಮೇಲೆ ಕೇಳಿದೆ. "ಮುಂದಿನ ಭಾನುವಾರನೂ ಬರ್ತಾನಾ?"

"ಬರ್ತಾರೆ. ಹದಿನೈದು ಇಂಚಿನ ಸ್ಪೀಕರ್ ಇರೋದು ತೋರಿಸ್ತಾರಂತೆ."

"ಒಂದು ಡಬ್ಬ ಆರಿಸೋಕೆ ಎಷ್ಟು ಭಾನುವಾರ ಬೇಕು? ನನ್ನನ್ನ ಆರಿಸೋಕೆ ನಿಮ್ಮಪ್ಪ ಅರ್ಧ ಗಂಟೆ ತಗೊಂಡ್ರು."

"ಅದಕ್ಕೇ ಈ ಸಲ ನಿಧಾನವಾಗಿ ನೋಡ್ತಿದೀನಿ."

ಅಂದೇ ತೀರ್ಮಾನಿಸಿದೆ: ಆಂಪ್ಲಿಫೈಯರನ್ನು ನಾನೇ ಆರಿಸುತ್ತೇನೆ, ಹರಿಕೃಷ್ಣ ಪರ್ವವನ್ನು ಮುಗಿಸುತ್ತೇನೆ.

ಗುರುವಾರ ವಾದ್ಯಗಳ ಅಂಗಡಿಯೊಂದಕ್ಕೆ ಹೋದೆ. ತನುಶ್ರೀ ಎಂದು ಎದೆಯ ಮೇಲೆ ಹೆಸರು ಸಿಕ್ಕಿಸಿಕೊಂಡಿದ್ದ ಹುಡುಗಿ, "ಯಾರ್ ನುಡಿಸೋದು ಅಂಕಲ್?" ಎಂದಳು.

"ನಾನೇ" ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ.

ಅವಳು ಗೌರವದಿಂದ ನೋಡಿ, ಸಾಲಾಗಿದ್ದ ವಾಲ್ವ್ ಆಂಪ್ಲಿಫೈಯರುಗಳನ್ನು ತೋರಿಸಿದಳು. ನನಗೆ ಒಳಗಿನ ವಿದ್ಯೆ ತಿಳಿಯದಿದ್ದರೂ ಹೊರಗಿನ ಪೆಟ್ಟಿಗೆ ತಿಳಿಯದೇ ಇದ್ದೀತೆ? ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದೆ. ದೊಡ್ಡದೊಂದು ಬರೀ ಒತ್ತಿದ ಮರದ ಪುಡಿ. ಇನ್ನೊಂದರ ಮೂಲೆ ಆಗಲೇ ಬಾಯಿ ಬಿಟ್ಟಿತ್ತು. ಕೊನೆಯಲ್ಲಿ, ಹಾಲಿನ ಕ್ಯಾನಿನಷ್ಟು ಎತ್ತರದ ಒಂದು ಪುಟ್ಟ ಆಂಪ್ಲಿಫೈಯರ್. ಎಂಥ ಪ್ಲೈ ಅಂತೀರಿ. ಒಂದೊಂದು ಪದರವೂ ಎಣಿಸುವಂತಿತ್ತು, ಎಲ್ಲೂ ಟೊಳ್ಳಿಲ್ಲ, ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕೂರಿಸಿದ ಜೋಡಣೆ.

"ಅದು ಬೇಗ ಕ್ರಂಚ್ ಆಗತ್ತೆ ಅಂಕಲ್, ಪರವಾಗಿಲ್ವಾ?"

"ಕ್ರಂಚ್ ಅಂದ್ರೆ ಒಳ್ಳೇದಾ?"

"ನಮ್ಮಲ್ಲಿ ಬರೋ ಎಲ್ಲರಿಗೂ ಅದೇ ಇಷ್ಟ."

ಚಕ್ಕುಲಿಯ ಹಾಗೆ ಗರಿಗರಿ ಇರಬೇಕೆಂದುಕೊಂಡು ಕೊಂಡು ತಂದೆ.

ಭಾನುವಾರ ಹರಿಕೃಷ್ಣ ಬಂದು ಕಾಫಿ ಲೋಟ ಹಿಡಿದ ಮೇಲೆ, ಹಾಸಿಗೆ ಕೋಣೆಯಿಂದ ಅದನ್ನು ತಂದು ಹಾಲ್‌ನ ನಡುವೆ ಇಟ್ಟೆ. "ಪ್ರತಿಭಾ, ಇದು ನಿನಗೆ" ಎಂದೆ. ಅವಳು ಪೆಟ್ಟಿಗೆಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದಳು. ವೈರ್ ಸಿಕ್ಕಿಸಿ, ಮೆಲ್ಲಗೆ ಮೀಟಿದಳು. ಜೇನು ಸುರಿದಂತೆ ದನಿ. ನಾನು ಹರಿಕೃಷ್ಣನ ಕಡೆ ವಿಜಯನೋಟ ಬೀರಿದೆ. ಅಷ್ಟರಲ್ಲಿ ಅವಳು ಸದ್ದು ಏರಿಸುವ ಪೆಡಲನ್ನು ತುಳಿದಳು.

ಕ್ರಂಚ್ ಎಂದರೇನೆಂದು ಆಗ ತಿಳಿಯಿತು. ಚಿಪ್ಪು ಸಮೇತ ತೆಂಗಿನಕಾಯಿ ಹಾಕಿ ಚಟ್ನಿ ರುಬ್ಬುವ ಮಿಕ್ಸಿಯ ಸದ್ದನ್ನು ನೀವು ಕೇಳಿದ್ದರೆ, ಮುಂದೆ ವರ್ಣಿಸುವ ಅಗತ್ಯವಿಲ್ಲ. ಕೆಳಗಿನ ಮನೆಯ ಅಕ್ಕಯಮ್ಮ ಮೆಟ್ಟಿಲು ಹತ್ತಿ ಬಂದು, "ಏನಮ್ಮಾ ಪ್ರತಿಭಾ, ಗ್ರೈಂಡರ್ ಕೆಟ್ಟೋಯ್ತಾ? ನಮ್ಮನೆಗೆ ಬಂದು ರುಬ್ಕೋ" ಎಂದರು.

ಹರಿಕೃಷ್ಣ ನಗಲಿಲ್ಲ. ಅದೇ ನನ್ನನ್ನು ಹೆಚ್ಚು ಉರಿಸಿತು. ಪೆಟ್ಟಿಗೆಯನ್ನು ಸವರಿ, "ಬಾಕ್ಸ್ ಮಾತ್ರ ಫಸ್ಟ್ ಕ್ಲಾಸ್ ಸಾರ್" ಎಂದು ಏನೋ ಕೇಳಲು ಬಾಯಿ ತೆರೆದ. ನಾನು ಪೇಪರ್ ಎತ್ತಿಕೊಂಡೆ. ಅವನು ಕಾಫಿ ಲೋಟ ಇಟ್ಟು ಹೊರಟುಹೋದ.

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಇದನ್ನೇ ತಗೊಂಡೋಗ್ತೀನಿ ರೀ. ಮೆಲ್ಲಗೆ ನುಡಿಸಿದ್ರಾಯ್ತು" ಎಂದಳು.

"ಅಷ್ಟು ದೊಡ್ಡ ಹಾಲ್‌ನಲ್ಲಿ ಕೇಳ್ಸತ್ತಾ?"

"ಮುಂದಿನ ಎರಡು ಸಾಲಿಗೆ ಕೇಳ್ಸತ್ತೆ. ನೀವು ನನ್ ಸಂಗೀತಕ್ಕೆ ಅಂತ ತಂದಿರೋದು ಇದೊಂದೇ ಅಲ್ವಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎರಡು ದಿನ ಅವಳು ತುಳಿಯಲು ಹೆದರಿ ಹೆದರಿ ನುಡಿಸುವುದನ್ನು ಕೇಳಿದೆ. ಮೂರನೆಯ ದಿನ ಅಂಗಡಿಗೆ ಬೀಗ ಹಾಕಿ ಚಾಮರಾಜಪೇಟೆಗೆ ಹೋದೆ, ನನ್ನ ಶತ್ರುವಿನ ಕಾಲಿಗೆ ಬೀಳಲು.

ಬಾಗಿಲು ತೆರೆದವಳು ಅವನ ಹೆಂಡತಿ ಲಾವಣ್ಯಾ. ಹೆಸರು ಹೇಳಿದ ಕೂಡಲೇ, "ನೀವೇನಾ ಪ್ಲೈವುಡ್ ಸಾರ್? ಬನ್ನಿ ಬನ್ನಿ. ನಮ್ಮೋರು ನಿಮ್ಮನೆಯಿಂದ ಬಂದಾಗೆಲ್ಲ ನಿಮ್ ಮಾತೇ" ಎಂದಳು.

"ನನ್ ಮಾತಾ?"

"ಹೂಂ. ಅವರೇ ಒಂದು ಆಂಪ್ಲಿಫೈಯರ್ ಕಟ್ತಿದಾರೆ. ಅದಕ್ಕೆ ಯಾವ ಪ್ಲೈ ಹಾಕಿದ್ರೆ ಅದುರಲ್ಲ ಅಂತ ನಿಮ್ಮನ್ನ ಕೇಳ್ಬೇಕಂತೆ. ವಾರ ವಾರ ಹೋಗಿದ್ದೇ ಅದಕ್ಕೆ. ನೀವು ಪೇಪರ್ ಇಳಿಸ್ಲೇ ಇಲ್ವಂತೆ."

ನನ್ನ ಹೆಂಡತಿಗಾಗಿ ಬರುತ್ತಿದ್ದಾನೆಂದು ನಾನು ಉರಿದುಕೊಂಡವನು ನನಗಾಗಿ ಬರುತ್ತಿದ್ದ. ಒಂದು ಕ್ಷಣ ಪ್ರತಿಭಾಳ ಪರವಾಗಿ ನನಗೆ ಅವಮಾನವೂ ಆಯಿತು.

ಆ ದಿನ ಹರಿಕೃಷ್ಣನಿಗೆ ಎರಡು ಗಂಟೆ ಪ್ಲೈವುಡ್ಡಿನ ಬಗ್ಗೆ ಹೇಳಿದೆ. ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಪುಟ್ಟ ಆಂಪ್ಲಿಫೈಯರನ್ನು ಅಂಗಡಿಯವರು ವಾಪಸು ತೆಗೆದುಕೊಂಡರು. ಹರಿಕೃಷ್ಣ ಕಟ್ಟುತ್ತಿದ್ದ ಆಂಪ್ಲಿಫೈಯರನ್ನೇ ಪ್ರತಿಭಾಳಿಗೆ ಕೊಡುವುದೆಂದಾಗಿ, ಅದಕ್ಕೂ ಅದರ ಹದಿನೈದು ಇಂಚಿನ ಸ್ಪೀಕರಿಗೂ ನನ್ನ ಅಂಗಡಿಯಲ್ಲೇ ಪೆಟ್ಟಿಗೆ ಸಿದ್ಧವಾಯಿತು. ಹರಿಕೃಷ್ಣ ತೆಳು ಹಲಗೆ ಸಾಕೆಂದ. ನಾನು ಬಿಡಲಿಲ್ಲ, ಎಲ್ಲ ಕಡೆಯೂ ಹದಿನೆಂಟು ಮಿಲಿಮೀಟರ್, ಅದೂ ಹಡಗಿಗೆ ಬಳಸುವಂಥದ್ದು. ತೂಗಿದಾಗ ನಲವತ್ತಮೂರು ಕಿಲೋ. ಹರಿಕೃಷ್ಣನಿಗೆ ಸೊಂಟ ನೋವು, ಎತ್ತಬಾರದಂತೆ.

ರಾಜ್ಯೋತ್ಸವದ ದಿನ ಬಸವನಗುಡಿಯ ಆ ಸಂಘದ ಮೊದಲ ಮಹಡಿಗೆ, ಮೂರು ಕಡೆ ನಿಂತು, ನಾನೇ ಹೊತ್ತೆ. ಸಂಘದ ಕಾರ್ಯದರ್ಶಿ ಶೈಲಜಮ್ಮನವರು ಮೇಲಿನಿಂದ, "ಆ ಕಡೆಯಿಂದ ತನ್ನಿ, ಇಲ್ಲಿ ರಂಗೋಲಿ ಇದೆ. ಇಟ್ಟಾದ್ಮೇಲೆ ಕೆಳಗೆ ಉಪ್ಪಿಟ್ಟಿದೆ, ತಿನ್ಕೊಂಡು ಹೋಗಿ" ಎಂದರು.

ನಾನು ಹೋಗಲಿಲ್ಲ. ಪರದೆಯ ಹಿಂದೆ, ಪೆಟ್ಟಿಗೆಯ ಬೆನ್ನಿಗೆ ಕೂತೆ. ಒಳಗೆ ನಾಲ್ಕು ಬುರುಡೆಗಳು ಕೆಂಡದ ಬಣ್ಣಕ್ಕೆ ತಿರುಗಿದವು. ಪ್ರತಿಭಾ ಹೆದರದೆ ತುಳಿದಳು. ಸ್ವರ ಬೆಳೆಯಿತು, ಹಾಲ್ ತುಂಬಿತು, ಎಲ್ಲೂ ಒಡೆಯಲಿಲ್ಲ. ಹಲಗೆ ಒಂದಿಷ್ಟೂ ಅದುರಲಿಲ್ಲ. ಹೊರಗೆ ಕೂತ ಇನ್ನೂರು ಜನರ ಹಾಗೆ ನಾನೂ ಅವಳನ್ನು ಅಂದೇ ಮೊದಲ ಸಲ ಕೇಳುತ್ತಿದ್ದೆ. ಅವರಿಗೂ ನನಗೂ ಏನೂ ವ್ಯತ್ಯಾಸವಿಲ್ಲವಲ್ಲ ಎಂದು ಆ ಇನ್ನೂರು ಜನರ ಮೇಲೂ ಹೊಟ್ಟೆಕಿಚ್ಚಾಯಿತು.

ಚಪ್ಪಾಳೆ ನಿಂತ ಮೇಲೆ ಶೈಲಜಮ್ಮನವರು ಮೈಕ್ ಹಿಡಿದರು. "ಇಂಥ ಕಲಾವಿದೆಯ ಬೆನ್ನಿಗೆ ನಿಂತ ಅವರ ಯಜಮಾನರಿಗೂ ನಮ್ಮ ಸನ್ಮಾನ" ಎಂದು, ಮೊದಲ ಸಾಲಿನಲ್ಲಿ ಇಸ್ತ್ರಿ ಶರ್ಟಿನಲ್ಲಿ ಕೂತಿದ್ದ ಹರಿಕೃಷ್ಣನನ್ನು ವೇದಿಕೆಗೆ ಎಳೆದು ಶಾಲು ಹೊದಿಸಿಯೇಬಿಟ್ಟರು.

"ಮೇಡಂ, ನಾನಲ್ಲ" ಎಂದ ಅವನು.

"ಎಷ್ಟು ವಿನಯ ನೋಡಿ" ಎಂದರು ಅವರು. ಮತ್ತೆ ಚಪ್ಪಾಳೆ.

ನಾನು ಪರದೆ ಸರಿಸಿ ಹೊರಬಂದೆ. ಬೆವರಿಗೆ ಅಂಗಿ ಮೈಗೆ ಅಂಟಿತ್ತು. ಶೈಲಜಮ್ಮನವರು ಕೈಯಲ್ಲೇ ತಡೆದು, "ಈಗ್ಲೇ ಎತ್ಬೇಡಿ, ಫೋಟೋ ಮುಗೀಲಿ" ಎಂದರು. ಹರಿಕೃಷ್ಣ ಶಾಲಿನೊಳಗಿಂದ ಕಣ್ಣಲ್ಲೇ ಕ್ಷಮೆ ಕೇಳಿದ. ಪ್ರತಿಭಾ ಮಾತ್ರ ಕ್ಯಾಮೆರಾ ನೋಡಿ ನಗುತ್ತಿದ್ದಳು.

ಕಾರಿನಲ್ಲಿ ವೈಯಾಲಿಕಾವಲ್ ಬರುವ ತನಕ ತಡೆದುಕೊಂಡು, ಕೊನೆಗೆ ಕೇಳಿದೆ. "ನಾನೇ ನಿನ್ ಗಂಡ ಅಂತ ಒಂದ್ ಮಾತು ಹೇಳೋಕಾಗ್ತಿರ್ಲಿಲ್ವಾ?"

"ಹೇಳ್ಬೋದಿತ್ತು" ಎಂದಳು, ಮಡಿಲಿನ ಹೂವು ಸರಿಮಾಡಿಕೊಳ್ಳುತ್ತ. "ಹೇಳಿದ್ರೆ ಶಾಲು ನಿಮಗೆ ಹೊದಿಸ್ತಿದ್ರು. ಶಾಲು ಹೊದ್ದೋರ ಕೈಲಿ ಪೆಟ್ಟಿಗೆ ಹೊರಿಸೋಕಾಗತ್ತೇನ್ರೀ? ಮುಂದಿನ ತಿಂಗಳು ಮತ್ತಿಕೆರೆಯಲ್ಲಿ ಪ್ರೋಗ್ರಾಂ ಒಪ್ಕೊಂಡಿದೀನಿ. ಮೂರನೇ ಮಹಡಿ, ಲಿಫ್ಟ್ ಇಲ್ಲ."