ಹೊಟ್ಟೆಯ ಕಲ್ಲೂ ಅತ್ತೆಯ ಉಪವಾಸವೂ

ಬೇರೆಯವರ ಮನೆಯಲ್ಲಿ ಕಾಯಿಲೆ ಬಂದರೆ ಡಾಕ್ಟರು ಬರುತ್ತಾರೆ, ಔಷಧಿ ಬರುತ್ತದೆ, ಕಾಯಿಲೆ ಹೋಗುತ್ತದೆ. ನಮ್ಮ ಮನೆಯಲ್ಲಿ ಮಾತ್ರ ನಡುವೆ ಏನಾದರೊಂದು ನಡೆದು, ನರಳಬೇಕಾದವರು ನಗುವ ಹಾಗಾಗುತ್ತದೆ. ಯಾಕೆ ಹೀಗೆ ಎಂದು ನಾನು ಯೋಚಿಸಿದ್ದೇನೆ. ಕಾರಣ ನಮ್ಮತ್ತೆ.

ಬೋರ್ಡಿನ ಮುಂದೆ

ಎಪ್ಪತ್ತರ ದಶಕದ ಮಾತು. ನಾನಾಗ ಮದರಾಸಿನ ಹುಡುಗಿಯರ ಶಾಲೆಯೊಂದರಲ್ಲಿ ಗಣಿತದ ಟೀಚರ್. ಆ ದಿನ ವಿಶೇಷವೇನೂ ಇರಲಿಲ್ಲ. ಸಹೋದ್ಯೋಗಿಯೊಬ್ಬರು ಮಗಳ ಮದುವೆ ಗೊತ್ತಾಯಿತೆಂದು ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು, ಬೋಂಡ ಹಂಚಿದ್ದರು. ಬೇಡವೆಂದರೆ ಬೇಸರಪಟ್ಟುಕೊಳ್ಳುತ್ತಾರೆಂದು ತಿಂದೆ. ಊಟದ ನಂತರದ ಮೊದಲ ಪೀರಿಯಡ್ ಒಂಬತ್ತನೆಯ ತರಗತಿಗೆ ರೇಖಾಗಣಿತ. ಅರ್ಧವೃತ್ತದೊಳಗಿನ ಕೋನ ಲಂಬಕೋನ ಎಂದು ಸಾಧಿಸಬೇಕಾಗಿತ್ತು. ವೃತ್ತ ಬರೆದೆ, ವ್ಯಾಸ ಎಳೆದೆ, ‘ಆದ್ದರಿಂದ’ ಎಂದೆ. ಅಷ್ಟಕ್ಕೆ ಬಲಗಡೆಯ ಪಕ್ಕೆಯ ಕೆಳಗೆ ಯಾರೋ ಕೈ ಹಾಕಿ ಹಿಂಡಿದ ಹಾಗಾಯಿತು. ನೋವು ಬೆನ್ನಿಗೆ ಹೋಗಿ ಭುಜಕ್ಕೆ ಏರಿತು. ಸೀಮೆಸುಣ್ಣ ಕೆಳಗೆ ಬಿತ್ತು. ಮೇಜು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ.

ಹುಡುಗಿಯರೆಲ್ಲ ಎದ್ದು ನಿಂತರು. ಒಬ್ಬಳು ನೀರು ತರಲು ಓಡಿದಳು, ಒಬ್ಬಳು ಅಳತೊಡಗಿದಳು. ಮೊದಲ ಬೆಂಚಿನವಳೊಬ್ಬಳು ಮಾತ್ರ ಬೋರ್ಡನ್ನೂ ನನ್ನನ್ನೂ ನೋಡಿ, ಪೆನ್ನು ಹಿಡಿದುಕೊಂಡೇ ವಿನಯದಿಂದ ತಮಿಳಿನಲ್ಲಿ ಕೇಳಿದಳು: “ಮಿಸ್, ಹೆನ್ಸ್ ಪ್ರೂವ್ಡ್ ಪೋಟ್ಟುಕ್ಕಲಾಮಾ?”

ಸಾಧಿಸಿದ್ದಾಯಿತು ಎಂದು ಬರೆದುಕೊಂಡುಬಿಡಲೇ ಎಂದು. ಬೇಡ ಎಂದು ಕೈಯಾಡಿಸಿದ್ದು ನೆನಪಿದೆ. ಎರಡು ಮೆಟ್ಟಿಲು ಬಾಕಿ ಇದ್ದವು.

ಬಾಳೆದಿಂಡು

ನಮ್ಮ ಡಾಕ್ಟರು ಹೊಟ್ಟೆ ಒತ್ತಿ ನೋಡಿ, “ಪಿತ್ತಕೋಶದಲ್ಲಿ ಕಲ್ಲಿರಬಹುದು. ಎಕ್ಸರೇ ತೆಗೆಸೋಣ. ಇದ್ದರೆ ಆಪರೇಷನ್” ಎಂದರು. ಎಣ್ಣೆ, ತುಪ್ಪ, ತೆಂಗಿನಕಾಯಿ ಮೂರಕ್ಕೂ ನಿಷೇಧ ಹಾಕಿದರು.

ಆಪರೇಷನ್ ಎಂಬ ಮಾತು ಕೇಳಿದ ಕೂಡಲೇ ಅತ್ತೆ ನನ್ನ ಕೈ ಹಿಡಿದುಕೊಂಡು ಹೊರಗೆ ಬಂದುಬಿಟ್ಟರು. ಅದಕ್ಕೆ ಕಾರಣವಿತ್ತು. ಅದರ ಹಿಂದಿನ ವರ್ಷ ನಮ್ಮವರು ಜ್ವರವೆಂದು ತಾವೇ ಸೈಕಲ್ ತುಳಿದುಕೊಂಡು ಆಸ್ಪತ್ರೆಗೆ ಹೋದವರು ಹಿಂದಿರುಗಲಿಲ್ಲ. ಅತ್ತೆಗೆ ಅವರೊಬ್ಬರೇ ಮಗ. ನಮಗೆ ಮಕ್ಕಳಿರಲಿಲ್ಲ. ಪೆರಂಬೂರಿನ ಮನೆಯಲ್ಲಿ ಉಳಿದವರು ನಾನು ಮತ್ತು ಅವರು.

“ಒಬ್ಬನ್ನ ಕೊಟ್ಟಾಯ್ತು. ಇವಳನ್ನ ಕೊಡಲ್ಲ” ಎಂದರು ಅತ್ತೆ, ರಿಕ್ಷಾದವನಿಗೆ.

ನಮ್ಮದು ಒಂದೇ ಅಂಗಳದ ಸುತ್ತ ಐದು ಪೋರ್ಷನ್ ಇದ್ದ ಮನೆ. ಸಂಜೆಯೊಳಗೆ ಐದು ಮನೆಗೂ ನನ್ನ ಕಲ್ಲಿನ ಸುದ್ದಿ ತಲುಪಿತು. ಮದರಾಸಿನಲ್ಲಿ ಹೊಟ್ಟೆಯ ಕಲ್ಲಿಗೆ ಎಲ್ಲರಿಗೂ ಗೊತ್ತಿರುವ ಮದ್ದು ಒಂದೇ, ವಾಳೈತಂಡು. ನಾವು ಬಾಳೆದಿಂಡು ಎನ್ನುವುದು. ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಬಾಳೆದಿಂಡು, ಸಂಜೆ ಶಾಲೆಯಿಂದ ಬಂದರೆ ಇನ್ನೊಂದು. ಅತ್ತೆ ಅದರಿಂದ ಪಲ್ಯ ಮಾಡಿದರು, ಕೋಸಂಬರಿ ಮಾಡಿದರು, ಹುಳಿ ಮಾಡಿದರು, ಬರಿಹೊಟ್ಟೆಗೆ ರಸ ಕುಡಿಸಿದರು. ನಮ್ಮ ಮನೆಯೊಳಗೆ ಬಾಳೆಯ ತೋಟದ ವಾಸನೆ ಬರತೊಡಗಿತು. ನೋವು ಮಾತ್ರ ಮತ್ತೆ ಬಂತು, ಮೊದಲಿಗಿಂತ ಜೋರಾಗಿ.

ಡಾಕ್ಟರು ತಲೆ ಚಚ್ಚಿಕೊಂಡರು. “ಮಾಮಿ, ಬಾಳೆದಿಂಡು ಕೊಡೋದು ಮೂತ್ರಪಿಂಡದ ಕಲ್ಲಿಗೆ. ಇದು ಪಿತ್ತಕೋಶದ ಕಲ್ಲು. ಅದೇ ಬೇರೆ, ಇದೇ ಬೇರೆ.”

ಅತ್ತೆ ಸ್ವಲ್ಪವೂ ಅಳುಕಲಿಲ್ಲ. “ನಿಮಗೆ ಗೊತ್ತು, ಓದಿದ್ದೀರಿ. ತಾನು ಎಲ್ಲಿದ್ದೀನಿ ಅಂತ ಆ ಕಲ್ಲಿಗೇನು ಗೊತ್ತು?”

ಕೊಬ್ಬಿನ ಊಟ

ಆಗ ಸ್ಕ್ಯಾನ್ ಎಂಬುದನ್ನು ನಾವು ಕೇಳಿಯೂ ಇರಲಿಲ್ಲ. ಪಿತ್ತಕೋಶವನ್ನು ನೋಡುವ ಕ್ರಮ ಹೀಗಿತ್ತು: ಹಿಂದಿನ ರಾತ್ರಿ ಮಾತ್ರೆ ನುಂಗಬೇಕು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಎಕ್ಸರೇ, ಆಮೇಲೆ ಕೊಬ್ಬಿನ ಊಟ ಮಾಡಬೇಕು, ಪಿತ್ತಕೋಶ ಹೇಗೆ ಕುಗ್ಗುತ್ತದೆಂದು ನೋಡಲು ಇನ್ನೊಂದು ಎಕ್ಸರೇ.

ಎಕ್ಸರೇ ತೆಗೆಯುವವನು ಮೊದಲನೆಯದನ್ನು ಮುಗಿಸಿ, “ಕ್ಯಾಂಟೀನಿಗೆ ಹೋಗಿ ಎರಡು ಮೊಟ್ಟೆ ತಿಂದು ಬನ್ನಿ” ಎಂದ.

ಅತ್ತೆ ಎದ್ದು ನಿಂತರು. “ಮೊಟ್ಟೆಯಾ? ಅದ್ಯಾಕಪ್ಪಾ?”

“ಕೊಬ್ಬು ಬೇಕು ಪಾಟಿ. ಬೆಣ್ಣೆ, ತುಪ್ಪ ಏನಾದರೂ ಆದೀತು. ಆದರೆ ಚೆನ್ನಾಗಿ ಇರಬೇಕು.” ಪಾಟಿ ಎಂದರೆ ಅಜ್ಜಿ.

ಒಂದು ತಿಂಗಳಿನಿಂದ ತುಪ್ಪವಿಲ್ಲದೆ ಅಡಿಗೆ ಮಾಡಿ ಮಾಡಿ ಅತ್ತೆಯ ಕೈ ತುರಿಸುತ್ತಿತ್ತು. ಕೊಬ್ಬಿನ ಊಟ ಎಂಬ ಮಾತನ್ನು ಡಾಕ್ಟರ ಬಾಯಲ್ಲಿ ಹಿಂದಿನ ದಿನವೇ ಕೇಳಿಸಿಕೊಂಡಿದ್ದರು. ಚೀಲದಿಂದ ಕ್ಯಾರಿಯರ್ ತೆಗೆದು ಮುಚ್ಚಳ ಬಿಚ್ಚಿದರು. ಪೊಂಗಲ್. ಅದರಲ್ಲಿ ಅಕ್ಕಿ, ಹೆಸರುಬೇಳೆ ಇದ್ದವು ಎಂಬುದನ್ನು ನಂಬಬೇಕಾಗಿತ್ತು. ಕಣ್ಣಿಗೆ ಕಾಣುತ್ತಿದ್ದುದು ತುಪ್ಪ, ಅದರ ಮೇಲೆ ತೇಲುತ್ತಿದ್ದ ಗೋಡಂಬಿ.

ಅವನು ಬಗ್ಗಿ ನೋಡಿದ. “ಪಾಟಿ, ಇದು ಮೂರು ಜನರ ಪಿತ್ತಕೋಶಕ್ಕೆ ಸಾಕು.”

“ಹಾಗಾದ್ರೆ ಇನ್ನಿಬ್ಬರನ್ನ ಕರಿ” ಎಂದರು ಅತ್ತೆ.

ಬೆಂಚಿನ ಮೇಲೆ ಅದೇ ಪರೀಕ್ಷೆಗಾಗಿ ಇನ್ನಿಬ್ಬರು ಕೂತಿದ್ದರು. ಅವರಿಗೂ ಎಲೆಯಲ್ಲಿ ಬಡಿಸಿದರು. ಕಾಲು ಮುರಿದು ಬಂದಿದ್ದ ಒಬ್ಬರೂ ಕೈ ಚಾಚಿದರು. ಅವರಿಗೂ ಬಿತ್ತು. ನನ್ನನ್ನು ಎರಡನೆಯ ಎಕ್ಸರೇಗೆ ಕರೆಯಲು ಬಂದಾಗ ಎಕ್ಸರೇಯವನು ಬಾಯಿ ಒರೆಸಿಕೊಳ್ಳುತ್ತಿದ್ದ.

ರಕ್ತ ಕೊಡುವವರು

ಕಲ್ಲುಗಳಿರುವುದು ಖಚಿತವಾಯಿತು. ಅತ್ತೆ ಎರಡು ದಿನ ಆಪರೇಷನ್ನಿಗೆ ಒಪ್ಪಲಿಲ್ಲ. ಮೂರನೆಯ ದಿನ, “ಆಗಲಿ. ಆದರೆ ನಾನೂ ಅಲ್ಲೇ ಇರ್ತೀನಿ. ನಿನ್ನೊಬ್ಬಳನ್ನೇ ಬಿಡಲ್ಲ” ಎಂದರು. ಹಾಸಿಗೆಯ ಕೆಳಗೆ ಹಾಸಲು ಚಾಪೆಯನ್ನು ಅವರೇ ಸುತ್ತಿಕೊಂಡರು.

ಆಪರೇಷನ್ನಿಗೆ ಮುಂಚೆ ರಕ್ತ ಕೊಡಲು ಜನರನ್ನು ಕರೆತರಬೇಕೆಂದು ಆಸ್ಪತ್ರೆಯವರು ಹೇಳಿದರು. ನಮಗೆ ಮದರಾಸಿನಲ್ಲಿ ಹತ್ತಿರದವರು ಯಾರೂ ಇರಲಿಲ್ಲ. ಯಾರಿಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ನಮ್ಮವರು ಕೆಲಸ ಮಾಡುತ್ತಿದ್ದ ರೈಲ್ವೆ ವರ್ಕ್‌ಶಾಪಿನಿಂದ ಆರು ಜನ ಸುದ್ದಿ ಕೇಳಿ, ಶಿಫ್ಟ್ ಮುಗಿಸಿ ನೆಟ್ಟಗೆ ಆಸ್ಪತ್ರೆಗೆ ಬಂದರು. ಕೈಗೆ ಇನ್ನೂ ಗ್ರೀಸ್ ಅಂಟಿತ್ತು. ಮುಂದೆ ನಿಂತಿದ್ದವರು ಅವರ ಮೇಸ್ತ್ರಿ.

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. ಅತ್ತೆ ಏನು ಕೇಳಲಿದ್ದಾರೆಂದು ನನಗೆ ಗೊತ್ತಾಯಿತು. ತಡೆಯುವಷ್ಟರಲ್ಲಿ ಕೇಳಿಯೇ ಬಿಟ್ಟರು: “ತಪ್ಪು ತಿಳ್ಕೋಬೇಡಪ್ಪಾ. ನೀನು ಊಟ ಏನು ಮಾಡ್ತೀಯ?”

ನಾನು ಗೋಡೆಯ ಕಡೆ ತಿರುಗಿಕೊಂಡೆ. ಮೇಸ್ತ್ರಿ ಬೇಸರಪಡಲಿಲ್ಲ. ತಮಿಳಿನಲ್ಲಿ ಸಮಾಧಾನವಾಗಿ ಹೇಳಿದರು: “ಮನೇಲಿ ಏನಾದರೂ ಇರಲಿ ಅಮ್ಮಾ. ಮಧ್ಯಾಹ್ನ ಮಾತ್ರ ಇಷ್ಟು ವರ್ಷವೂ ನಿಮ್ಮ ಮಗನ ಕ್ಯಾರಿಯರ್ ಊಟವೇ. ಅವರು ನಮ್ಮ ಡಬ್ಬಿ ಮುಟ್ಟುತ್ತಿರಲಿಲ್ಲ, ನಾವು ಅವರ ಡಬ್ಬಿ ಬಿಡುತ್ತಿರಲಿಲ್ಲ. ಈ ಮೈಯಲ್ಲಿ ಓಡ್ತಿರೋದು ನಿಮ್ಮ ಹುಳಿಯೇ.”

ಹಿಂದಿದ್ದ ಐವರೂ ತಲೆಯಾಡಿಸಿದರು. ಒಬ್ಬ, “ಬಿಸಿಬೇಳೆ ಅನ್ನ ಬಂದ ದಿನ ಜಗಳವೇ ಆಗ್ತಿತ್ತಮ್ಮಾ” ಎಂದ.

ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆರೂ ಜನ ಒಳ್ಳೆ ಕಟ್ಟುಮಸ್ತಾಗಿದ್ದರು. ಈಗ ಅತ್ತುಬಿಡುತ್ತಾರೆ ಎಂದು ನಾನು ಹೆದರಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟರು.

“ಓಹೋ! ಅದಕ್ಕೇ ನಾನು ಎಷ್ಟು ತುಂಬಿ ಕಳಿಸಿದರೂ ನನ್ನ ಮಗ ದಪ್ಪ ಆಗಲೇ ಇಲ್ಲ!”

ವಾರ್ಡಿನ ಪ್ರಾರ್ಥನೆ

ಆಪರೇಷನ್ ಸರಿಯಾಗಿ ಆಯಿತು. ಪಕ್ಕೆಯ ಕೆಳಗೆ ಉದ್ದನೆಯ ಹೊಲಿಗೆ, ಮೂಗಿನಲ್ಲಿ ನಳಿಗೆ, ಕೈಗೆ ಗ್ಲೂಕೋಸ್. ಕರುಳು ಮತ್ತೆ ಕೆಲಸಕ್ಕೆ ತೊಡಗುವವರೆಗೆ ಬಾಯಿಗೆ ಒಂದು ತೊಟ್ಟು ನೀರೂ ಕೊಡುವುದಿಲ್ಲ ಎಂದರು. ಕರುಳು ಕೆಲಸಕ್ಕೆ ತೊಡಗಿದ್ದಕ್ಕೆ ಗುರುತು ಒಂದೇ.

ಮರುದಿನ ಬೆಳಿಗ್ಗೆ ಸರ್ಜನ್ನರು ವಿದ್ಯಾರ್ಥಿಗಳ ಸಾಲು ಹಿಂದಿಟ್ಟುಕೊಂಡು ಬಂದರು. ಹಾಸಿಗೆಯ ಬುಡದಲ್ಲಿ ನಿಂತು, ತುಂಬಿದ ವಾರ್ಡಿಗೆಲ್ಲ ಕೇಳುವಂತೆ, “ಎನ್ನ ಟೀಚರ್, ಕಾತ್ತು ಪಿರಿಂಜುದಾ?” ಎಂದರು.

ಗಾಳಿ ಹೋಯಿತೇ ಎಂದು. ನಾನು ತರಗತಿಯಲ್ಲಿ ಆಕಳಿಕೆ ಬಂದರೂ ಬೋರ್ಡಿನ ಕಡೆ ತಿರುಗಿಕೊಳ್ಳುವವಳು. ಛಾವಣಿಯನ್ನು ನೋಡುತ್ತ “ಇಲ್ಲ” ಎಂದೆ. ವಿದ್ಯಾರ್ಥಿಗಳು ಅದನ್ನು ಬರೆದುಕೊಂಡರು. ಅದರ ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ.

ಆ ಮಧ್ಯಾಹ್ನ ನರ್ಸ್ ಬಂದು ನನ್ನನ್ನು ಗದರಿಕೊಂಡಳು. “ನಿಮ್ಮತ್ತೆ ನಲ್ಲಿಯ ಹತ್ತಿರ ತಲೆ ಸುತ್ತಿ ಕೂತಿದ್ದರು. ಊಟವನ್ನೇ ಮಾಡ್ತಿಲ್ಲವಂತೆ. ನೆರೆಮನೆಯವರು ಕಳಿಸೋ ಕ್ಯಾರಿಯರ್ ಎಲ್ಲಾ ಪಕ್ಕದ ಹಾಸಿಗೆಯವರಿಗೆ ಹೋಗ್ತಿದೆ.”

ಅತ್ತೆಯನ್ನು ಕೇಳಿದೆ. ಅವರು ನನ್ನ ಹೊದಿಕೆಯ ಅಂಚನ್ನು ಸರಿಮಾಡುತ್ತ ಕೂತಿದ್ದರು.

“ಅವನು ಹೋದ ಹೊತ್ತಿನಲ್ಲಿ ನಾನು ಮನೇಲಿ ಕೂತು ಊಟ ಮಾಡ್ತಿದ್ದೆ ಕಣೇ. ಎರಡನೇ ಸಲ ಅನ್ನ ಹಾಕಿಸ್ಕೊಂಡಿದ್ದೆ. ಈ ಸಲ ನೀನು ತಿಂದ ಮೇಲೇ ನಾನು.”

“ಅತ್ತೆ, ನಿಮ್ಮ ವಯಸ್ಸಿಗೆ ಇದು...”

“ನನ್ನ ವಯಸ್ಸಿಗೆ ಏಕಾದಶಿ ಅಭ್ಯಾಸ ಇದೆ. ನೀನು ನಿನ್ನ ಕೆಲಸ ನೋಡು.”

ನನ್ನ ಕೆಲಸ ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ಅದು ಪ್ರಯತ್ನದಿಂದ ಆಗುವಂಥದ್ದಲ್ಲ.

ಸಂಜೆಯೊಳಗೆ ವಾರ್ಡಿಗೆಲ್ಲ ವಿಷಯ ತಿಳಿಯಿತು. ಟೀಚರ್‌ಗೆ ಗಾಳಿ ಹೋಗುವವರೆಗೆ ಪಾಟಿ ಊಟ ಮಾಡುವುದಿಲ್ಲ. ಅಲ್ಲಿಂದ ಅದು ನನ್ನೊಬ್ಬಳ ವಿಷಯವಾಗಿ ಉಳಿಯಲಿಲ್ಲ. ಆಯಾ ಗಂಟೆಗೊಮ್ಮೆ ಬಂದು ನನ್ನನ್ನು ಮಗ್ಗುಲು ತಿರುಗಿಸಿದಳು. ಎದುರು ಹಾಸಿಗೆಯಾಕೆ ದೂರದಿಂದಲೇ ಹುಬ್ಬೇರಿಸಿ ‘ಬಂತೇ?’ ಎಂದು ಕೇಳುತ್ತಿದ್ದರು. ಪಕ್ಕದ ಹಾಸಿಗೆಯಲ್ಲಿ ತರಕಾರಿ ಮಾರುವ ಹೆಂಗಸೊಬ್ಬಳಿದ್ದಳು, ಧಾರಾಳ ಮನಸ್ಸಿನವಳು. ಅವಳು ತಮ್ಮ ಬೀದಿಯ ಅಮ್ಮನಿಗೆ ಇದಕ್ಕಾಗಿ ಒಂದು ತೆಂಗಿನಕಾಯಿ ಹರಕೆ ಹೊತ್ತಳು. ಹರಕೆಯ ಕಾರಣವನ್ನು ಪೂಜಾರಿಗೆ ಹೇಗೆ ಹೇಳುತ್ತಾಳೆಂದು ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಸರ್ಜನ್ನರು ಬರುವ ಮುಂಚೆ ಅವಳೇ ಬಗ್ಗಿ ಪಿಸುಗುಟ್ಟಿದಳು: “ಬಂತು ಅಂತ ಹೇಳಿಬಿಡಿ ಟೀಚರ್. ಯಾರು ನೋಡಕ್ಕೆ ಹೋಗ್ತಾರೆ? ಪಾಟಿ ಆದರೂ ಉಣ್ಣಲಿ.”

ಅತ್ತೆಯ ಮುಖ ನೋಡಿದೆ, ಬಿಳಚಿಕೊಂಡಿತ್ತು. ಹೇಳಿಬಿಡಲೇ ಎನ್ನಿಸಿದ್ದು ನಿಜ. ಆದರೆ ಸಾಧಿಸದೆ ಉತ್ತರ ಬರೆದವರಿಗೆ ಇಷ್ಟು ವರ್ಷ ಸೊನ್ನೆ ಹಾಕಿದ ಕೈ ನನ್ನದು. “ಇಲ್ಲ” ಎಂದೆ. ವಾರ್ಡು ನಿಟ್ಟುಸಿರುಬಿಟ್ಟಿತು.

ಅಂದು ಸಂಜೆ ನಮ್ಮ ಹೆಡ್‌ಮಿಸ್ಟ್ರೆಸ್ ಮೂವರು ಟೀಚರುಗಳನ್ನು ಕರೆದುಕೊಂಡು ಬಂದರು. ಅವರು ಬಹಳ ದೈವಭಕ್ತರಾದ ಕ್ರೈಸ್ತ ಮಹಿಳೆ, ಗಂಭೀರ ಸ್ವಭಾವ. ಅವರೆದುರು ನಾವು ಕುರ್ಚಿಯನ್ನೂ ಸದ್ದಾಗದಂತೆ ಎಳೆಯುತ್ತಿದ್ದೆವು. ಹಾರ್ಲಿಕ್ಸ್ ಬಾಟಲಿ ಇಟ್ಟು, ನನ್ನ ಹಣೆ ಮುಟ್ಟಿ, “ನಿಮಗಾಗಿ ಒಂದು ನಿಮಿಷ ಪ್ರಾರ್ಥನೆ ಮಾಡ್ತೇನೆ” ಎಂದರು. ಕಣ್ಣು ಮುಚ್ಚಿದರು. ಟೀಚರುಗಳು ತಲೆ ತಗ್ಗಿಸಿದರು. ಪ್ರಾರ್ಥನೆ ಯಾರದಾದರೇನೆಂದು ಅತ್ತೆಯೂ ಕೈಮುಗಿದು ನಿಂತರು. ಆಯಾ ಪೊರಕೆ ಹಿಡಿದವಳು ಹಾಗೆಯೇ ನಿಂತಳು. ವಾರ್ಡಿನಲ್ಲಿ ಒಂದು ಕೆಮ್ಮೂ ಇಲ್ಲ.

ಆ ನಿಶ್ಶಬ್ದದಲ್ಲಿ ಅದು ನಡೆಯಿತು. ನಿಖರವಾಗಿ ಹೇಳಬೇಕೆಂದರೆ, ಶಬ್ದ ಸಣ್ಣದಾಗಿರಲಿಲ್ಲ.

 ಮೊದಲು ತರಕಾರಿಯವಳು ಎರಡು ಕೈಯನ್ನೂ ಜೋಡಿಸಿ “ಅಮ್ಮಾ ತಾಯೇ!” ಎಂದಳು. ಎದುರು ಹಾಸಿಗೆಯಿಂದ ಚಪ್ಪಾಳೆ. ಆಯಾ ಪೊರಕೆ ಎಸೆದು, “ಟೀಚರ್‌ಕ್ಕು ಪಿರಿಂಜಾಚ್ಚು! ಪಿರಿಂಜಾಚ್ಚು!” ಎಂದು ಕೂಗುತ್ತ ವರಾಂಡಕ್ಕೆ ಓಡಿದಳು.

ಹೆಡ್‌ಮಿಸ್ಟ್ರೆಸ್ ಕಣ್ಣು ತೆರೆಯಲಿಲ್ಲ. ಅದೇ ಗಂಭೀರ ಸ್ವರದಲ್ಲಿ, “ಆಮೆನ್” ಎಂದರು.

ಹೊಲಿಗೆಗೆ ದಿಂಬು ಒತ್ತಿಕೊಂಡು ನಗಬೇಕಾಯಿತು. ಡ್ಯೂಟಿ ಡಾಕ್ಟರು ಬಂದು, ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಮೂಗಿನ ನಳಿಗೆ ತೆಗೆಸಿದರು. ಮೊದಲು ನೀರು, ಆಮೇಲೆ ಗಂಜಿಯ ತಿಳಿ ಕೊಡಬಹುದೆಂದರು. ಅತ್ತೆ ಅದನ್ನು ಚಮಚದಲ್ಲಿ ಆರಿಸಿ ಆರಿಸಿ ಕುಡಿಸಿದರು. ಲೋಟ ಖಾಲಿಯಾದದ್ದನ್ನು ಬಗ್ಗಿಸಿ ನೋಡಿಕೊಂಡು, ಕ್ಯಾರಿಯರ್ ಎಳೆದುಕೊಂಡು ಮುಚ್ಚಳ ತೆಗೆದರು. ಮೊಸರನ್ನವಿತ್ತು. ಗೋಡೆಗೆ ಒರಗಿ ಪೂರ್ತಿ ಊಟ ಮಾಡಿದರು, ಕೈ ತೊಳೆದು ಬಂದರು, ನನ್ನ ಮಂಚದ ಕೆಳಗಿನ ಚಾಪೆಯ ಮೇಲೆ ಮಲಗಿದರು.

ದೀಪ ಆರಿಸುವ ಮೊದಲೇ ಅವರ ಗೊರಕೆ ಕೇಳಿಸಿತು.